ಹೆಸರು ಅಳಿಸಿದ ಆಟ

ಕಂತು ಒಂಬತ್ತು

ಆನೆ ಮೆಲುಕು ಹಾಕುತ್ತಿತ್ತು.

ನಾನು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದೆ. ಸಂಶಯವೇ ಇಲ್ಲ. ಕಂಪ್ಯೂಟರ್ ಪರದೆಯ ಮೇಲೆ, ಹೆಬ್ಬಾಳ ಫ್ಲೈಓವರ್ ಕೆಳಗಿನ ರಸ್ತೆಯ ನಟ್ಟನಡುವೆ ಒಂದು ಆನೆ ನಿಂತಿತ್ತು. ಸುತ್ತ ಬಸ್ಸು, ಆಟೋ, ಲಾರಿ. ಅದು ಯಾವುದಕ್ಕೂ ಜಗ್ಗದೆ ಕೆಳದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತಿತ್ತು.

“ಮುನೇಶ, ಆನೆ ಯಾವತ್ತಿಂದನೋ ಮೆಲುಕು ಹಾಕೋಕೆ ಶುರು ಮಾಡಿದ್ದು?”

“ಹತ್ತು ಸೆಕೆಂಡು ಯಾವ ಕೀನೂ ಒತ್ತದೆ ಬಿಟ್ರೆ ಹಂಗೆ ಮಾಡುತ್ತೆ ಅಕ್ಕಾ. ನಾನು ಸೊಂಡಿಲು ಆಡಿಸ್ತಿದೆ ಅನ್ಕೊಂಡಿದ್ದೆ.”

“ಸೊಂಡಿಲು ನೆಟ್ಟಗೇ ಇದೆ ಕಣೋ. ಬಾಯಿ ನೋಡು.”

ಹತ್ತು ವರ್ಷದವಳಿದ್ದಾಗಿನಿಂದ ಮದುವೆಯಾಗುವವರೆಗೆ ಕೋಗಿಲು ಕೆರೆಯ ಅಂಚಿನಲ್ಲಿ ಎಮ್ಮೆ ಕಾಯ್ದವಳು ನಾನು, ಗೋಪಾಲಮ್ಮ. ಆಮೇಲೆ ಇಪ್ಪತ್ತೆಂಟು ವರ್ಷ ಪೊಲೀಸ್ ಠಾಣೆಗಳಲ್ಲಿ ರೈಟರ್ ಆಗಿ ಕಳ್ಳರ ಹೇಳಿಕೆ ಬರೆದೂ ಬರೆದೂ ಬೆರಳು ಸೊಟ್ಟಗಾದವಳು. ಎಮ್ಮೆಯ ವಿಷಯದಲ್ಲೂ ಕಳ್ಳರ ವಿಷಯದಲ್ಲೂ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೆಲುಕು ಹಾಕುವುದು ದನ, ಎಮ್ಮೆ, ಕುರಿ, ಮೇಕೆ. ತಿಂದದ್ದನ್ನು ವಾಪಸ್ಸು ಬಾಯಿಗೆ ತಂದು ಅರೆಯುವ ಭಾಗ್ಯ ಆನೆಗಿಲ್ಲ.

ಮೈಯೆಲ್ಲಾ ಉರಿಯಿತು. ಕದ್ದದ್ದೂ ಅಲ್ಲದೆ ನೆಟ್ಟಗೆ ಕದಿಯಲೂ ಬಂದಿಲ್ಲ ಈ ಮಹಾನುಭಾವನಿಗೆ.

ಆ ಮಹಾನುಭಾವನ ಹೆಸರು ಮಹೇಂದ್ರ. ಯಲಹಂಕದ ಆಚೆ ಇರುವ ಒಂದು ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಅದೇ ಕಾಲೇಜಿನ ಗುಮಾಸ್ತ ಕಾಶಿನಾಥನ ಮಗಳು ಪ್ರತಿಭಾ, ಅಲ್ಲೇ ಎಂ.ಟೆಕ್ ಓದುವ ಹುಡುಗಿ, ಮಕ್ಕಳು ಕನ್ನಡ ಅಕ್ಷರ ಕಲಿಯಲಿ ಎಂದು ಬರೆದ ಎಮ್ಮೆಯ ಆಟವನ್ನು ಈತ ಆನೆಯ ಆಟ ಮಾಡಿ ತನ್ನದೆಂದು ಸಾರಿದ್ದ. ಅವಳು ತಕರಾರು ಎತ್ತಿದ ಕೂಡಲೇ ಕಳ್ಳತನದ ಆಪಾದನೆಯನ್ನು ಅವಳ ತಲೆಗೇ ಕಟ್ಟಿದ್ದ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಶಿಸ್ತು ಸಮಿತಿ. ಸಮಿತಿ ಅವನನ್ನು ನಂಬಿದರೆ ಹುಡುಗಿಯ ಓದು ಅಲ್ಲಿಗೆ ಮುಗಿಯಿತು, ಕಳ್ಳಿ ಎಂಬ ಹೆಸರು ಮಾತ್ರ ಸಾಯುವವರೆಗೂ ಉಳಿಯಿತು.

“ಎಮ್ಮೆದು ಹಾಕು ಈಗ,” ಎಂದೆ.

ಮುನೇಶ ನನ್ನ ಚಿಕ್ಕಪ್ಪನ ಮಗ. ಸಂಜಯನಗರದ ಮೇನ್ ರೋಡಿನಲ್ಲಿ ಅವನ ಬ್ರೌಸಿಂಗ್ ಸೆಂಟರ್. ಮೊದಲು ಎಲ್ಲರ ಹಾಗೆ ಕದ್ದ ಸಿ.ಡಿ.ಯ ಆಟಗಳನ್ನೇ ಹಾಕಿಕೊಂಡಿದ್ದವನು, ಒಂದು ಸಲ ರೇಡ್ ಆಗಿ ಆರು ಕಂಪ್ಯೂಟರ್ ಎತ್ತಿಕೊಂಡು ಹೋದ ಮೇಲೆ ಬುದ್ಧಿ ಕಲಿತ. ಈಗ ಪುಕ್ಕಟೆ ಆಟಗಳು ಮಾತ್ರ. ಜಗತ್ತಿನ ಮೂಲೆಮೂಲೆಯ ಜನ ತಾವು ಬರೆದ ಪ್ರೋಗ್ರಾಮುಗಳನ್ನು ಎಲ್ಲರಿಗೂ ತೆರೆದಿಡುವ ತಾಣಗಳಿವೆಯಂತೆ. ಪ್ರತಿ ಶನಿವಾರ ಬೆಳಿಗ್ಗೆ ಅಂಗಡಿ ಗುಡಿಸಿ, ಊದುಬತ್ತಿ ಹಚ್ಚಿ, ಅಲ್ಲಿ ಆಟ ಹುಡುಕಲು ಕೂರುತ್ತಾನೆ. ಪ್ರತಿಭಾಳ ಎಮ್ಮೆ ಅವನಿಗೆ ಸಿಕ್ಕಿದ್ದು ಹಾಗೆ. ಅವನ ಅಂಗಡಿಯಲ್ಲಿ ಎರಡು ತಿಂಗಳಿಂದ ಮಕ್ಕಳು ಅದನ್ನೇ ಆಡುತ್ತಿದ್ದರು.

“ಮೊದ್ಲು ಲೈಸೆನ್ಸ್ ನೋಡ್ಬೇಕು ಅಕ್ಕಾ,” ಎಂದು ಪ್ರತಿಭಾಳ ಪುಟ ತೆರೆದ. “ಅದಿಲ್ದಿದ್ರೆ ಫ್ರೀ ಅಂತ ಬೋರ್ಡು ಹಾಕಿದ್ರೂ ಮುಟ್ಟಬಾರ್ದು. ಆಮೇಲೆ ಕೊನೆಗೆ ಯಾವಾಗ ಕೈ ಆಡ್ಸಿದಾರೆ ಅಂತ. ಆಮೇಲೆ ದೂರಿನ ಪುಟ. ಆಟ ಆಡ್ದೋರು ಏನ್ ಸರಿಯಿಲ್ಲ ಅಂತ ಅಲ್ಲಿ ಬರೀತಾರೆ. ದೂರಿಗೆ ಉತ್ತರ ಕೊಡೋನು ಆಟ ಬರ್ದೋನು. ಕೊಡ್ದೇ ಇರೋನು ಎಲ್ಲಿಂದ್ಲೋ ಎತ್ಕೊಂಡ್ ಬಂದೋನು. ಇದು ನನ್ನ ಅನುಭವ.”

“ಅವಳ ಲೈಸೆನ್ಸು ಏನನ್ನುತ್ತೆ?”

“ಯಾರು ಬೇಕಾದ್ರೂ ತಗೊಳ್ಳಿ, ಆಡಿ, ಬದಲಾಯಿಸಿ, ಹಂಚಿ. ಬರ್ದೋರ ಹೆಸ್ರು ಮಾತ್ರ ತೆಗೀಬೇಡಿ. ಅಷ್ಟೇ.”

ಅಷ್ಟೇ. ಹುಡುಗಿ ಕೇಳಿದ್ದು ಅಷ್ಟೇ. ಬಾಡಿಗೆ ಕೇಳಲಿಲ್ಲ, ಬಹುಮಾನ ಕೇಳಲಿಲ್ಲ. ಊರೆಲ್ಲ ತಿನ್ನಲಿ ಎಂದು ಅನ್ನ ಮಾಡಿ ಬಡಿಸಿ, ಪಾತ್ರೆಯ ಮೇಲಿನ ಹೆಸರು ಕೆರೆಯಬೇಡಿ ಎಂದಿದ್ದಳು. ಈ ಮನುಷ್ಯ ಮೊದಲು ಕೆರೆದದ್ದೇ ಅದನ್ನು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ದೂರಿನ ಪುಟ ನೋಡಿದೆವು. ಬ್ರೆಜಿಲ್‌ನವನೊಬ್ಬ ಜನವರಿಯಲ್ಲಿ ಬರೆದಿದ್ದ, ನಿಮ್ಮ ಎಮ್ಮೆ ರಸ್ತೆ ಮಧ್ಯೆ ನಿಂತುಬಿಡುತ್ತದೆ, ಇದನ್ನು ಸರಿಪಡಿಸಿ ಎಂದು. ಪ್ರತಿಭಾ ಉತ್ತರ ಕೊಟ್ಟಿದ್ದಳು: ಇದು ದೋಷವಲ್ಲ, ನಮ್ಮವ್ವನ ಎಮ್ಮೆ ಹಾಗೆಯೇ ಇತ್ತು, ಮೆಲುಕು ಮುಗಿಯುವ ತನಕ ಕದಲುತ್ತಿರಲಿಲ್ಲ. ಮುನೇಶ ಅದನ್ನು ಕನ್ನಡಕ್ಕೆ ತಿರುಗಿಸಿ ಓದಿದಾಗ, ಅಷ್ಟು ಸಿಟ್ಟಿನಲ್ಲೂ ನನಗೆ ನಗು ಬಂತು.

“ಈ ತಾರೀಖು ಯಾರು ಹಾಕೋದು?”

“ದೂರಿನ ಪುಟಕ್ಕೆ ಸೈಟೇ ಹಾಕುತ್ತೆ. ಅದನ್ನ ಯಾರೂ ತಿದ್ದೋಕಾಗಲ್ಲ. ಆದ್ರೆ ಪ್ರೋಗ್ರಾಮ್ ಬರೆಯೋ ದಿನಚರಿ ಇದೆಯಲ್ಲ, ಯಾವ ದಿನ ಯಾವ ಸಾಲು ಬರ್ದೆ ಅನ್ನೋದು, ಅದಕ್ಕೆ ಬೀಳೋದು ಬರ್ದೋರ ಕಂಪ್ಯೂಟರ್ ಗಡಿಯಾರದ ತಾರೀಖು. ಗಡಿಯಾರ ಹಿಂದಕ್ಕೆ ತಿರುಗ್ಸಿ ಬರೆದ್ರೆ ಹಿಂದಿನ ತಾರೀಖೇ ಬೀಳುತ್ತೆ.”

ಎಮ್ಮೆಯ ಪುಟದ ದಿನಚರಿಯನ್ನೂ, ಮಹೇಂದ್ರ ಆನೆಯ ಜೊತೆ ಹಾಕಿದ್ದ ದಿನಚರಿಯನ್ನೂ ಪಕ್ಕಪಕ್ಕ ಹಾಕಿಸಿದೆ.

ಪ್ರತಿಭಾಳದು ಕಳೆದ ನವೆಂಬರಿನಿಂದ ಶುರು. ಒಂದೇ ದಿನ ಐದು ಸಲ ಬರೆದಿದ್ದಾಳೆ, ಆಮೇಲೆ ಎಂಟು ದಿನ ಸುದ್ದಿಯಿಲ್ಲ. ಒಂದು ಕಡೆ “ನಿನ್ನೆ ಮಾಡಿದ್ದು ದಡ್ಡತನ, ತೆಗೆದೆ” ಎಂದಿದೆ. ಮಹೇಂದ್ರನದು ಅದಕ್ಕೂ ಮೊದಲು, ಎರಡು ಸಾವಿರದ ಹದಿನಾರರ ಆಗಸ್ಟ್ ಒಂದರಿಂದ ಅಕ್ಟೋಬರ್ ಕೊನೆಯವರೆಗೆ. ದಿನಕ್ಕೊಂದು. ಒಂದು ದಿನವೂ ತಪ್ಪಿಲ್ಲ, ಒಂದು ದಿನವೂ ಎರಡಿಲ್ಲ.

ನನ್ನ ಸರ್ವಿಸಿನಲ್ಲಿ ಬೈರಣ್ಣ ಎಂಬ ಕಾನ್‌ಸ್ಟೇಬಲ್ ಇದ್ದ. ಬೀಟಿಗೆ ಹೋಗುತ್ತಿರಲಿಲ್ಲ. ತಿಂಗಳ ಕೊನೆಗೆ ಕೂತು ಬೀಟ್ ಪುಸ್ತಕವನ್ನು ಒಂದೇ ಏಟಿಗೆ ತುಂಬಿಸಿಬಿಡುತ್ತಿದ್ದ. ಒಂದು ಸಲ ತನ್ನ ಮದುವೆಯ ದಿನವೂ ಮಾರ್ಕೆಟ್ ಹತ್ತಿರ ಗಸ್ತು ತಿರುಗಿದೆ ಎಂದು ಬರೆದು ಸಿಕ್ಕಿಬಿದ್ದ. ಸುಳ್ಳು ದಿನಚರಿ ಬರೆಯುವವರಿಗೆ ಹಬ್ಬ ನೆನಪಿರುವುದಿಲ್ಲ.

“ಕ್ಯಾಲೆಂಡರ್ ತೆಗಿ. ಹೋದ ವರ್ಷದ್ದು.”

ಗಣೇಶನ ಹಬ್ಬದ ದಿನವೂ ಮಹೇಂದ್ರ ಬರೆದಿದ್ದ. ಅದು ಬಿಡಿ. ಹಬ್ಬದ ದಿನವೂ ಕಾಲೇಜಿಗೆ ಬಂದು ದುಡಿದೆ ಎಂದರೆ ಎದುರಿನವರು ಕೈಮುಗಿಯುತ್ತಾರೆಯೇ ಹೊರತು ಅಲ್ಲ ಎನ್ನುವುದಿಲ್ಲ. ನನ್ನ ಬೆರಳು ಅಕ್ಟೋಬರ್ ಹತ್ತರ ಮೇಲೆ ನಿಂತಿತು. ಸೋಮವಾರ. ಬೆಳಿಗ್ಗೆ ಹನ್ನೊಂದು ನಲವತ್ತು.

“ಮುನೇಶ, ಅವತ್ತು ಆಯುಧಪೂಜೆ.”

ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

“ಅವತ್ತು ನಾನು ಈ ಅಂಗಡಿಲಿ ಒಂದು ಮೌಸು ಮುಟ್ಟಿರ್ಲಿಲ್ಲ ಅಕ್ಕಾ. ಎಲ್ಲದಕ್ಕೂ ಕುಂಕುಮ ಇಟ್ಟು, ಹೂವ ಹಾಕಿ, ಬಾಗ್ಲು ಹಾಕ್ಬಿಟ್ಟಿದ್ದೆ.”

“ನೀನು ಮುಟ್ಟಿರಲ್ಲ. ಸರಿ. ಆ ಕಾಲೇಜಿನ ಲ್ಯಾಬು?”

ಇಲ್ಲಿಯೇ ಮಹೇಂದ್ರನ ಕುತ್ತಿಗೆ ಸಿಕ್ಕಿಹಾಕಿಕೊಂಡಿದ್ದು. ಕಾಲೇಜಿನ ಆಸ್ತಿ ಕದ್ದಳು ಎಂದು ಹುಡುಗಿಯನ್ನು ಶಿಸ್ತು ಸಮಿತಿಗೆ ಎಳೆಯಬೇಕಾದರೆ ಆಟ ಕಾಲೇಜಿನ ಯಂತ್ರದಲ್ಲೇ ಹುಟ್ಟಿರಬೇಕು. ಹಾಗಾಗಿ ಅವನು ಸಮಿತಿಗೆ ಕೊಟ್ಟ ಹೇಳಿಕೆಯಲ್ಲಿ ಸಹಿ ಹಾಕಿ ಬರೆದಿದ್ದ: ಪ್ರತಿಯೊಂದು ಸಾಲನ್ನೂ ನಾನೇ, ಮೂರನೇ ಲ್ಯಾಬಿನ ಕಂಪ್ಯೂಟರಿನಲ್ಲೇ ಬರೆದದ್ದು, ಮನೆಯಲ್ಲಿ ಒಂದಕ್ಷರವೂ ಬರೆದಿಲ್ಲ. ಅದರ ನಕಲು ಕಾಶಿನಾಥ ನನಗೆ ತಂದುಕೊಟ್ಟಿದ್ದ.

ಪ್ರತಿಭಾಗೆ ಫೋನ್ ಮಾಡಿ ಎರಡು ಗಂಟೆಗೆ ಕಾಲೇಜಿಗೆ ಬಾ ಎಂದೆ. ಸ್ಕೂಟಿ ಹತ್ತಿದೆ.

ಮಾರ್ಚಿನ ಬಿಸಿಲು. ಹೆಬ್ಬಾಳದ ಫ್ಲೈಓವರ್ ಮೇಲೆ ಏರ್‌ಪೋರ್ಟಿನ ಕಾರುಗಳ ಸಾಲು ಕದಲುತ್ತಿರಲಿಲ್ಲ. ಹೆಲ್ಮೆಟ್ಟಿನೊಳಗೆ ಬೆವರು, ಹೊಟ್ಟೆಯೊಳಗೆ ಬೆಂಕಿ. ಜಕ್ಕೂರು ದಾಟಿ ಕೋಗಿಲು ಕ್ರಾಸಿಗೆ ಬರುವಷ್ಟರಲ್ಲಿ ಮಹೇಂದ್ರನಿಗೆ ಹೇಳಬೇಕಾದ ಮಾತುಗಳನ್ನು ನಾಲ್ಕು ಸಲ ಬಾಯಿಪಾಠ ಮಾಡಿಕೊಂಡಿದ್ದೆ. ಅದರಲ್ಲಿ ಅಚ್ಚು ಹಾಕಬಹುದಾದವು ಕಡಿಮೆ.

ಕಾಲೇಜಿನ ಹಿಂದಿನ ಗೇಟಿನ ಹತ್ತಿರ, ಮರದ ಕೆಳಗೆ ಲಕ್ಕಮ್ಮ ಊಟದ ಡಬ್ಬಿ ತೆಗೆದಿದ್ದಳು. ಮೂರನೇ ಲ್ಯಾಬಿನ ಅಟೆಂಡರ್. ನಮ್ಮೂರಿನವಳೇ.

“ಆಯುಧಪೂಜೆ ದಿನ ಲ್ಯಾಬು ಯಾರು ತೆಗೆದಿದ್ರು ಲಕ್ಕಮ್ಮ?”

“ನಾನೇ ಗೋಪಾಲಕ್ಕ. ಎಂಟು ಗಂಟೆಗೇ ಬಂದು ಗುಡ್ಸಿ ಒರ್ಸಿ, ಊವ ಮುಡ್ಸಿ, ಎಲ್ಲ ಕಂಪ್ಯೂಟ್ರಿಗೂ ಕುಂಕ್ಮ ಇಟ್ಟೆ. ಮೇನ್ ಸ್ವಿಚ್ ಎಳ್ದು ಇಬೂತಿ ಬಳ್ದ್ ಮೇಲೆ ಅತ್ತುವರೆಗೆ ಮಂಗ್ಳಾರ್ತಿ. ಮಹೇಂದ್ರ ಸಾರೇ ಬೂದ್ಗುಂಬಳ ಒಡೆದ್ರು. ಆಮೇಲೆ ಬೀಗ ಆಕಿದ್ದು. ಅಬ್ಬ ಮುಗ್ಸಿ ಗುರುವಾರ ಬೆಳಿಗ್ಗೆ ತೆಗ್ದಿದ್ದು.”

“ನಡುವೆ ಯಾರಾದ್ರೂ?”

“ಬೀಗದ್ ಕೈ ನನ್ ಸೊಂಟದಾಗಿತ್ತು. ಪೂಜೆ ಮಾಡಿದ್ ಮಿಷನ್ನು ಮೂರ್ ದಿನ ಯಾರಕ್ಕಾ ಮುಟ್ತಾರೆ?” ಎಂದವಳು ತುತ್ತು ಕೈಯಲ್ಲೇ ಹಿಡಿದು ನಿಂತಳು. “ಇಂಗೆಲ್ಲ ಯಾಕ್ ಕೇಳ್ತಿದ್ದೀಯ? ನನ್ ಎಸ್ರು ಎಲ್ಲೂ ಬರ್ಬಾರ್ದು ನೋಡು. ಮಗಳ ಬಾಣಂತನ ಐತೆ ನಂಗೆ, ಕೆಲ್ಸ ಓದ್ರೆ ಕಷ್ಟ.”

“ಬರಲ್ಲ. ಫೋಟೋ ತೆಗೆದಿದ್ರಾ ಅವತ್ತು?”

ತೆಗೆದಿದ್ದರು. ಡಿಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಯಾರೋ ಮೇಷ್ಟ್ರು ಹಾಕಿದ್ದ ಫೋಟೋ ಅವಳ ಫೋನಿನಲ್ಲೂ ಇತ್ತು. ನಲವತ್ತು ಜನರ ಹತ್ತಿರ ಇರುವ ಫೋಟೋ, ಯಾರು ಕೊಟ್ಟರೆಂದು ಯಾರು ಹೇಳಬೇಕು? ಸಾಲಾಗಿ ಸೇವಂತಿಗೆ ಮುಡಿದ ಕಂಪ್ಯೂಟರುಗಳು. ಮುಂದೆ ರೇಷ್ಮೆ ಶರಟು ತೊಟ್ಟು ಕೈಯಲ್ಲಿ ಆರತಿ ತಟ್ಟೆ ಹಿಡಿದ ಮಹೇಂದ್ರ. ಅವನ ಹೆಗಲಿನ ಹಿಂದೆ, ಗೋಡೆಯ ಮೇಲೆ, ಮೂರು ಬೆರಳು ವಿಭೂತಿ ಎಳೆದ ಮೇನ್ ಸ್ವಿಚ್ಚಿನ ಪೆಟ್ಟಿಗೆ. ಅದರ ಹಿಡಿಕೆ ಕೆಳಗಿತ್ತು. ಫೋಟೋ ಗುಂಪಿಗೆ ಬಂದ ಸಮಯ ಹತ್ತು ಐವತ್ತು. ಅದನ್ನು ನನ್ನ ಫೋನಿಗೆ ಹಾಕಿಸಿಕೊಂಡೆ.

ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡೆ. ಅಷ್ಟು ಬೇಗ ಹಾಗೆ ಅಂದುಕೊಳ್ಳಬಾರದಿತ್ತು.

ಮಹೇಂದ್ರನ ಕೋಣೆ ಎರಡನೇ ಮಹಡಿಯಲ್ಲಿ. ನನ್ನನ್ನು ಕಂಡು ಅವನು ಎದ್ದು ನಿಂತು ಕೂರಿಸಿದ, ನೀರು ತರಿಸಿದ. ಐವತ್ತರ ಆಸುಪಾಸು, ಇಸ್ತ್ರಿ ಕೆಡದ ಅಂಗಿ, ಎಲ್ಲರನ್ನೂ ಮೂರನೇ ಕ್ಲಾಸಿನ ಮಕ್ಕಳೆಂದುಕೊಂಡು ಮಾತಾಡುವ ತಣ್ಣನೆಯ ದನಿ. ಮೇಜಿನ ಮೇಲಿನ ಪರದೆಯಲ್ಲಿ ಅವನ ಆನೆ.

“ಹೇಳಿ ಗೋಪಾಲಮ್ಮನವರೇ. ಮತ್ತೆ ಅದೇ ವಿಷಯಾನಾ?”

“ಒಂದೇ ಸಂದೇಹ ಸಾರ್. ಈ ಆನೆ ಏನು ತಿಂತಿದೆ?”

“ಅಂದ್ರೆ?”

“ಸುಮ್ನೆ ನಿಂತಾಗ ಅಗೀತಾ ಇದೆಯಲ್ಲ. ಏನು ಅಂತ.”

“ಅದು ಐಡಲ್ ಆನಿಮೇಶನ್ನು. ಆಟಗಾರ ಸುಮ್ನಿದ್ದಾಗ ಪಾತ್ರ ಏನಾದ್ರೂ ಮಾಡ್ತಿರ್ಬೇಕು, ಅದಕ್ಕೆ ಹಾಕ್ತೀವಿ.”

“ಆನೆಗೆ ಮೆಲುಕು ಹಾಕಿಸಿದ ಮೊದಲನೇ ಮನುಷ್ಯ ನೀವೇ ಇರ್ಬೇಕು. ಎಮ್ಮೆ ಚಿತ್ರ ತೆಗೆದು ಆನೆ ಚಿತ್ರ ಅಂಟಿಸಿದ್ರಿ, ದವಡೆ ಮರ್ತುಬಿಟ್ರಿ.”

ಅವನು ಪರದೆಯ ಕಡೆ ನೋಡಿದ. ಮೊದಲ ಸಲ ಗಮನಿಸಿದನೆಂದು ಕಾಣುತ್ತದೆ. ಕೂಡಲೇ ಆಟ ಮುಚ್ಚಿಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

“ಇದನ್ನೆಲ್ಲ ಸಮಿತಿ ಎವಿಡೆನ್ಸ್ ಅನ್ನಲ್ಲ.”

“ಅನ್ನೋದಿಲ್ಲ. ಅದಕ್ಕೇ ಇನ್ನೊಂದು ತಂದಿದ್ದೀನಿ. ಅಕ್ಟೋಬರ್ ಹತ್ತು, ಬೆಳಿಗ್ಗೆ ಹನ್ನೊಂದು ನಲವತ್ತು. ನೀವು ಮೂರನೇ ಲ್ಯಾಬಲ್ಲಿ ಕೂತು ಎಪ್ಪತ್ತು ಸಾಲು ಬರೆದಿದ್ದೀರ. ಹೌದಾ?”

“ದಿನಚರಿ ಹಾಗನ್ನುತ್ತೆ.”

“ನಿಮ್ಮ ಸಹೀನೂ ಹಾಗೇ ಅನ್ನುತ್ತೆ. ಹನ್ನೊಂದನೇ ತಾರೀಖೂ ಬರೆದಿದ್ದೀರ, ಹನ್ನೆರಡೂ.”

“ಹೌದು. ಸೋ?”

ಫೋನ್ ಅವನ ಮುಂದೆ ಇಟ್ಟೆ. ಅವನು ತನ್ನ ರೇಷ್ಮೆ ಶರಟನ್ನು ನೋಡಿದ, ಆರತಿ ತಟ್ಟೆಯನ್ನು ನೋಡಿದ. ನಾನು ಬೆರಳಿಟ್ಟು ಮೇನ್ ಸ್ವಿಚ್ ತೋರಿಸಿದೆ.

“ಕರೆಂಟೇ ಇಲ್ಲದ ಕಂಪ್ಯೂಟರಲ್ಲಿ ಮೂರು ದಿನ ಏನ್ ಸಾರ್ ಬರೆದ್ರಿ? ಅರಿಶಿನ ಕುಂಕುಮದಲ್ಲಾ?”

ಅವನ ಕಿವಿ ಕೆಂಪಾಯಿತು. ಒಂದಿಷ್ಟು ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ.

“ಗಡಿಯಾರ ತಪ್ಪಿರಬಹುದು,” ಎಂದ ಕೊನೆಗೆ. “ಲ್ಯಾಬ್ ಸಿಸ್ಟಮ್‌ಗಳಲ್ಲಿ ತಾರೀಖು ಹಿಂದೆ ಮುಂದೆ ಆಗುತ್ತೆ.”

“ಹಾಗಾದ್ರೆ ಆಗಸ್ಟೂ ಸುಳ್ಳಿರಬಹುದು, ಸೆಪ್ಟೆಂಬರೂ ಸುಳ್ಳಿರಬಹುದು. ಗಡಿಯಾರ ನಂಬೋ ಹಾಗಿಲ್ಲ ಅಂದ್ರೆ ನಿಮ್ಮ ದಿನಚರಿಯೇ ನಂಬೋ ಹಾಗಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರೆ, ನೀವು ಆ ನೆವಾನೂ ಸರಿಯಾಗಿ ಹುಡುಕಿಲ್ಲ.”

“ಮಾತು ಹಿಡಿತದಲ್ಲಿರಲಿ.”

“ಹಿಡಿತದಲ್ಲೇ ಇದೆ. ಬಿಟ್ರೆ ನೀನು ಈ ಕುರ್ಚಿಲಿ ಕೂರೋಕಾಗಲ್ಲ.” ನೀವು ಎನ್ನುವುದು ಎಲ್ಲಿ ಉದುರಿಹೋಯಿತೋ ನನಗೇ ತಿಳಿಯಲಿಲ್ಲ. “ಆ ಮಗು ಪುಕ್ಕಟೆ ಕೊಟ್ಟಿತ್ತು. ತಗೊಂಡು ಹೋಗಿ ನಿನ್ನ ಕಾಲೇಜಿಗೆ ಹಾಕ್ಕೊಂಡಿದ್ರೂ ಏನೂ ಅಂತಿರಲಿಲ್ಲ. ಕೆಳಗೆ ಒಂದು ಸಾಲು ಅವಳ ಹೆಸರು ಬಿಟ್ಟಿದ್ರೆ ಸಾಕಿತ್ತು. ಅಷ್ಟಕ್ಕೂ ಹೊಟ್ಟೆಕಿಚ್ಚು ಪಟ್ಟೆಯಲ್ಲ, ಮೇಷ್ಟ್ರು ಅನ್ನಿಸ್ಕೊಳ್ಳೋಕೆ ನಾಚಿಕೆ ಆಗಲ್ವಾ ನಿಂಗೆ?”

ಅವನ ಕಿವಿಯ ಕೆಂಪು ಇಳಿಯಿತು. ಮೇಜಿನ ಡ್ರಾಯರ್ ಎಳೆದು ಒಂದು ಬಿಳಿ ಹಾಳೆ ತೆಗೆದು, ನನ್ನ ಫೋನಿನ ಪಕ್ಕ ನೀಟಾಗಿ ಇಟ್ಟ.

“ಫೋಟೋ ಚೆನ್ನಾಗಿದೆ. ಆದ್ರೆ ಅದನ್ನ ನೋಡೋಕೆ ಮೊದ್ಲು ಸಮಿತಿ ಸೇರ್ಬೇಕಲ್ಲ? ಓದಿ.”

ಓದಿದೆ. ನನ್ನ ಮಗಳು ಕುಮಾರಿ ಪ್ರತಿಭಾ ಇವಳು ತಿಳಿಯದೆ ಮಾನ್ಯ ಮುಖ್ಯಸ್ಥರ ಕೃತಿಯನ್ನು ನಕಲು ಮಾಡಿರುತ್ತಾಳೆ. ಸದರಿ ಪುಟವನ್ನು ಈ ದಿನವೇ ಅಳಿಸಿರುತ್ತೇವೆ. ದಯವಿಟ್ಟು ಇದೊಂದು ಬಾರಿ ಕ್ಷಮಿಸಿ ಆಕೆಯ ವಿದ್ಯಾಭ್ಯಾಸ ಮುಂದುವರಿಸಲು ಅನುವು ಮಾಡಿಕೊಡಬೇಕಾಗಿ ಪ್ರಾರ್ಥನೆ. ಕೆಳಗೆ ಪೋಷಕರ ಸಹಿ: ಕಾಶಿನಾಥ. ಪಕ್ಕದಲ್ಲಿ ವಿದ್ಯಾರ್ಥಿಯ ಸಹಿಗೆ ಜಾಗ ಖಾಲಿ.

ಕಾಲೇಜುಗಳಲ್ಲಿ ಇದೊಂದು ಪದ್ಧತಿ. ಮಕ್ಕಳು ತಡವಾಗಿ ಬಂದರೂ, ಫೋನ್ ತಂದರೂ, ಅಪ್ಪನನ್ನು ಕರೆಸಿ ತಪ್ಪೊಪ್ಪಿಗೆ ಬರೆಸಿಕೊಳ್ಳುತ್ತಾರೆ. ಅಪ್ಪಂದಿರು ಓದಿ ನೋಡದೆ ಬರೆದುಕೊಡುತ್ತಾರೆ. ಇಂಥ ನೂರಾರು ಪತ್ರಗಳನ್ನು ಕಾಶಿನಾಥನೇ ಆಫೀಸಿನಲ್ಲಿ ಕೂತು ಬೇರೆ ಪೋಷಕರಿಗೆ ಬರೆಸಿದ್ದ. ಒಕ್ಕಣೆ ಅವನಿಗೆ ಬಾಯಿಪಾಠ.

ಮುನೇಶನಿಗೆ ಫೋನ್ ಹಚ್ಚಿದೆ. “ಎಮ್ಮೆ ಪುಟ ತೆಗಿ.”

“ಈಗ ತಾನೇ... ತಡೀರಿ.” ಕೀಲಿಮಣೆಯ ಸದ್ದು. “ಅಕ್ಕಾ, ಇಲ್ಲ. ಈ ಪುಟ ಇಲ್ಲ ಅಂತಿದೆ. ದೂರಿನ ಪುಟಾನೂ ಹೋಯ್ತು. ನಮ್ಮಂಗ್ಡೀಲಿ ಆಟ ಇದೆ, ಆದ್ರೆ ಸೈಟ್ ಹಾಕಿದ್ದ ತಾರೀಖು ಯಾವುದೂ ಇಲ್ಲ.”

“ಅವಳ ಮನೆ ಕಂಪ್ಯೂಟರಲ್ಲಿ ಕಾಪಿ ಇರುತ್ತೆ, ಪಾಪ,” ಎಂದ ಮಹೇಂದ್ರ. “ಆದ್ರೆ ಅದರ ತಾರೀಖು ಅವಳ ಗಡಿಯಾರದ್ದು. ಗಡಿಯಾರ ನಂಬೋ ಹಾಗಿಲ್ಲ ಅಂತ ನೀವೇ ಹೇಳಿದ್ರಿ.”

ಅವನು ಬೆಲ್ ಒತ್ತಿದ. ಒಳಗೆ ಬಂದವನು ಕಾಶಿನಾಥ. ಕೈಯಲ್ಲೊಂದು ಫೈಲು. ನನ್ನ ಕಡೆ ನೋಡಲಿಲ್ಲ. ಹದಿನೈದು ದಿನದ ಹಿಂದೆ ನನ್ನ ಮನೆಯ ಬಾಗಿಲಲ್ಲಿ ನಿಂತು, ನನ್ನ ಮಗಳ ಹೆಸರು ಉಳಿಸಿಕೊಡಿ ಎಂದು ಕೈಮುಗಿದಿದ್ದವನು ಇವನೇ.

“ಯಾರು ಅಳಿಸಿದ್ದು ಕಾಶಿನಾಥ?”

“ನಾನೇ ರೀ ಅಕ್ಕಾರ.”

“ಅವಳಿಗೆ ಗೊತ್ತಾ?”

“ಇಲ್ರಿ. ಈಗ ಊಟಕ್ಕ ಮನಿಗೆ ಹೋಗಿದ್ನಿ, ಇಲ್ಲಿಗೆ ಬರಲಿಕ್ಕಂತ ಆಕಿ ಸ್ನಾನಕ್ಕ ಹೋದಾಗ ಮಾಡೀನ್ರಿ. ಮನ್ಯಾಗಿನ ಕಂಪ್ಯೂಟರ್‌ದಾಗ ಆಕಿ ಅಕೌಂಟು ಯಾವಾಗೂ ತೆರದೇ ಇರ್ತದ. ಅಳಿಸಬೇಕಂದ್ರ ಆಟದ ಹೆಸರು ಪೂರ್ತಿ ಟೈಪ್ ಮಾಡ್ರಿ ಅಂತ ಕೇಳ್ತು. ಮಾಡಿದ್ನಿ.” ಅವನು ಫೈಲಿನ ದಾರವನ್ನು ಬೆರಳಿಗೆ ಸುತ್ತಿಕೊಂಡ. “ಇಪ್ಪತ್ತೆರಡು ವರ್ಷ ಆಯ್ತ್ರಿ ಇಲ್ಲಿ. ನಾಳಿಂದ ಬರಬ್ಯಾಡ ಅಂದ್ರ ಎಲ್ಲಿಗೆ ಹೋಗ್ಲಿ? ಆಕಿ ಡಿಗ್ರಿನೂ ಹೋಗ್ತದ ಅಂದ್ರು. ಒಂದು ಎಮ್ಮಿ ಆಟದ ಸಲುವಾಗಿ ಇಬ್ಬರದೂ ಹೋಗ್ಬೇಕೇನ್ರಿ?”

ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಅದೇ ಗಳಿಗೆಯಲ್ಲಿ ಅವನ ಮುಖ ನೋಡಿ ಪಾಪ ಎನಿಸಿತು. ಎರಡೂ ಒಟ್ಟಿಗೆ ಬಂದಾಗ ಏನು ಮಾಡಬೇಕೆಂದು ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಯಾರೂ ಕಲಿಸಿರಲಿಲ್ಲ.

“ಅಪ್ಪಾ.”

ಬಾಗಿಲಲ್ಲಿ ಪ್ರತಿಭಾ ನಿಂತಿದ್ದಳು. ಹೆಗಲಲ್ಲಿ ಬ್ಯಾಗು, ಬಿಸಿಲಿಗೆ ಕಪ್ಪಿಟ್ಟ ಮುಖ. ಎರಡು ಗಂಟೆಗೆ ಬಾ ಎಂದಿದ್ದವಳು ನಾನೇ. ಎಷ್ಟು ಕೇಳಿಸಿಕೊಂಡಳೋ ಎಂದು ಯೋಚಿಸಬೇಕಾಗಲಿಲ್ಲ, ಎಲ್ಲ ಅವಳ ಕಣ್ಣಲ್ಲೇ ಇತ್ತು.

“ಹೆಸರು ನೀನೇ ಟೈಪ್ ಮಾಡಿದಿ?”

ಕಾಶಿನಾಥ ಫೈಲನ್ನು ಎದೆಗೆ ಒತ್ತಿಕೊಂಡ.

“ಒಂದೊಂದ ಅಕ್ಷರ?”

“ಪ್ರತೀ, ನಿನ್ನ ಸಲುವಾಗೇ ಮಾಡೀನವ್ವ.”

ಅವಳು ಮುಂದೆ ಬಂದು ಮೇಜಿನ ಮೇಲಿನ ಪತ್ರ ಎತ್ತಿಕೊಂಡಳು. ನಿಧಾನವಾಗಿ, ಮೊದಲಿಂದ ಕೊನೆಯವರೆಗೆ ಓದಿದಳು. ಅತ್ತರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ.

ಮಹೇಂದ್ರ ಪೆನ್ನು ಮುಂದೆ ಚಾಚಿದ. “ನೋಡಮ್ಮ, ಇಲ್ಲೊಂದು ಸೈನ್. ನಾಳೆ ಸಮಿತೀನೇ ಸೇರಲ್ಲ. ನಿನ್ನ ಡಿಗ್ರಿ ನಿಂಗೆ, ಅಪ್ಪನ ಕೆಲಸ ಅಪ್ಪಂಗೆ. ಇನ್ನೂ ಚಿಕ್ಕವಳು ನೀನು, ಇಂಥ ಆಟ ಇನ್ನೂ ಹತ್ತು ಬರೀತೀಯ.”

“ಸಹಿ ಹಾಕ್ಬೇಡ ಪ್ರತಿಭಾ,” ಎಂದೆ. “ಹಾಕಿದ್ರೆ ನೀನೇ ಕಳ್ಳಿ ಅಂತ ನಿನ್ನ ಕೈಯಾರೆ ಬರೆದುಕೊಟ್ಟ ಹಾಗೆ. ಆಮೇಲೆ ನಾನಲ್ಲ, ಆ ದೇವರು ಬಂದ್ರೂ ಏನೂ ಮಾಡೋಕಾಗಲ್ಲ.”

ಅವಳು ಪೆನ್ನು ತೆಗೆದುಕೊಂಡಳು. ಮುಚ್ಚಳ ಬಿಚ್ಚಿದಳು. ನನ್ನ ಕಡೆ ತಿರುಗಿದಳು.

“ಮೇಡಂ, ನೀವು ಸ್ವಲ್ಪ ಹೊರಗ ನಿಲ್ರಿ.”

“ಏನು?”

“ಹೊರಗ ನಿಲ್ರಿ ಅಂದೆ. ಅಪ್ಪಾ, ನೀನೂ.”

ಅಷ್ಟು ದೂರ ಅವಳಿಗಾಗಿ ಉರಿದುಕೊಂಡು ಬಂದವಳನ್ನು ಹೊರಗೆ ಹೋಗು ಎಂದಳಲ್ಲ. ಮಹೇಂದ್ರ ಕುರ್ಚಿಗೆ ಒರಗಿ, ಹೋಗಿ ಎನ್ನುವಂತೆ ಕೈ ಮಾಡಿದ. ಅವನ ಮುಖದಲ್ಲಿದ್ದ ಆ ನೆಮ್ಮದಿಯನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ.

ಇಬ್ಬರೂ ಹೊರಗೆ ಬಂದೆವು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದು. ಹಾಕಿದವಳು ಪ್ರತಿಭಾಳೇ.

ಕಾಶಿನಾಥ ಗೋಡೆಗೆ ಆತುಕೊಂಡು ಕುಸಿದು ಕೂತ. “ಆಕಿ ಸಹಿ ಮಾಡ್ತಾಳ್ರಿ ಅಕ್ಕಾರ. ನನ್ನ ಸಲುವಾಗಿ ಮಾಡ್ತಾಳ.” ನಾನು ಅವನ ಕಡೆ ತಿರುಗದೆ ಬಾಗಿಲಿಗೆ ಕಿವಿಗೊಟ್ಟೆ. ಬಾಯಿ ತೆರೆದಿದ್ದರೆ ಒಳ್ಳೆಯ ಮಾತು ಬರುತ್ತಿರಲಿಲ್ಲ.

ಒಂದು ನಿಮಿಷ. ಎರಡು. ಒಳಗೆ ಪ್ರತಿಭಾ ಏನೋ ಹೇಳುತ್ತಿದ್ದಳು, ಮೆಲ್ಲಗೆ, ತಡವರಿಸದೆ, ಪಾಠ ಓದಿದ ಹಾಗೆ. ಮಹೇಂದ್ರನ ನಗು ಕೇಳಿಸಿತು. ಮತ್ತೆ ಅವಳ ದನಿ; “ಬ್ರೆಜಿಲ್‌ನವರ ಮೇಲ್‌ದಾಗ ತಾರೀಖು ಸಮೇತ ಅದ” ಎಂಬಷ್ಟು ಮಾತ್ರ ನನಗೆ ತಿಳಿಯಿತು. ಆಮೇಲೆ ಕುರ್ಚಿ ಹಿಂದಕ್ಕೆ ಜರುಗಿದ ಸದ್ದು, ನಗು ನಿಂತುಹೋಯಿತು.

“ಗೋಪಾಲಮ್ಮನವರೇ.” ಅಷ್ಟು ಹೊತ್ತೂ ಒಮ್ಮೆಯೂ ಏರದಿದ್ದ ಅವನ ದನಿ ಒಡೆದಿತ್ತು. “ಗೋಪಾಲಮ್ಮನವರೇ, ಬಾಗಿಲು ತೆಗೆಸಿ. ಈ ಹುಡುಗಿಗೆ ಸ್ವಲ್ಪ ಹೇಳಿ.”

ನಾನು ಬಾಗಿಲಿಗೆ ಕೈಯಿಟ್ಟೆ.

“ತಳ್ಳಬ್ಯಾಡ್ರಿ ಮೇಡಂ,” ಎಂದಳು ಪ್ರತಿಭಾ ಒಳಗಿನಿಂದ. “ಈಗ ಅವರು ತಪ್ಪೊಪ್ಪಿಗಿ ಬರೀಲಿಕ್ಕತ್ತಾರ.”